ಕಷಾಯದತ್ತೆ

ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಸೀನಿದರೆ ಪಕ್ಕದವರು ‘ಚಿರಾಯು’ ಎಂದು ಹೇಳಿ ಪಾಯಸಕ್ಕೆ ಕೈ ಹಾಕುತ್ತಾರೆ. ಕಷಾಯದತ್ತೆ ಮಾತ್ರ ಊಟ ನಿಲ್ಲಿಸಿ, ಕತ್ತು ಉದ್ದ ಮಾಡಿ, ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸುತ್ತಾರೆ. “ಯಾರದು ಸೀನಿದ್ದು? ಬೆಳಿಗ್ಗೆ ತಲೆಗೆ ನೀರು ಹಾಕ್ಕೊಂಡ್ಯಾ? ಒರೆಸ್ಕೊಂಡ್ಯಾ?” ಸೀನಿದವನು ಆ ಹೊತ್ತಿಗೆ ಎಲೆ ಮಡಿಸಿ ಕೈತೊಳೆಯಲು ಹೊರಟಿರುತ್ತಾನೆ. ತಪ್ಪಿಸಿಕೊಂಡೆ ಎಂದು ಅವನು ತಿಳಿದಿದ್ದರೆ ಅದು ಅವನ ಭ್ರಮೆ. ಕೈತೊಳೆಯುವ ಕಡೆಗೇ ಒಂದು ಲೋಟ ಬಂದು ನಿಂತಿರುತ್ತದೆ.

ಇಂಥವರು ಪ್ರತಿ ವಂಶಕ್ಕೂ ಒಬ್ಬರು. ಕೆಲವರ ಮನೆಯಲ್ಲಿ ದೊಡ್ಡಮ್ಮ, ಕೆಲವರಲ್ಲಿ ಅಜ್ಜಿ. ಈಚೆಗೆ ಬ್ಯಾಂಕಿನಿಂದ ನಿವೃತ್ತರಾದ ಚಿಕ್ಕಪ್ಪಂದಿರೂ ಈ ಸಾಲಿಗೆ ಸೇರಿದ್ದಾರೆ, ಆದರೆ ಅವರದು ಮೊಬೈಲ್ ನೋಡಿ ಕಲಿತ ವಿದ್ಯೆ. ಕೈಗುಣ ಇಲ್ಲ. ನಮ್ಮ ಪಾಲಿಗೆ ಬಂದವರು ಸೋದರತ್ತೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು. ಹುಟ್ಟಿದಾಗ ಇಟ್ಟ ಹೆಸರು ಪಡಿತರ ಚೀಟಿಯಲ್ಲಿತ್ತು, ಬಳಕೆಯಲ್ಲಿದ್ದದ್ದು ಕಷಾಯದತ್ತೆ ಎಂಬ ಹೆಸರೊಂದೇ.

ಅತ್ತೆಯ ತಪಾಸಣೆಗೆ ರೋಗಿಯ ಒಪ್ಪಿಗೆ ಬೇಕಿಲ್ಲ. ರೋಗವೂ ಅಷ್ಟೇನೂ ಮುಖ್ಯವಲ್ಲ.

“ಏನೋ, ಮುಖ ಬಾಡಿದೆ?”

“ಏನಿಲ್ಲ ಅತ್ತೆ, ಬಸ್ಸಲ್ಲಿ ಬಂದೆನಲ್ಲ.”

“ಏನಿಲ್ಲ ಅಂದ್ರೆ ಒಳಗೇ ಇದೆ ಅಂತ. ನಾಲಿಗೆ ಚಾಚು.”

ನಾಲಿಗೆ ಚಾಚಿದ ಕೂಡಲೇ ಕೇಸು ಮುಗಿಯಿತು. ಲೋಕದ ಸಮಸ್ತ ಬಾಧೆಗೂ ಅತ್ತೆಯ ಬಳಿ ಇರುವ ಕಾರಣಗಳು ಉಷ್ಣ, ಶೀತ, ಪಿತ್ತ, ವಾಯು, ಜಂತುಹುಳ. ಈ ಐದರಲ್ಲಿ ಯಾವುದಕ್ಕೂ ಜಗ್ಗದಿದ್ದರೆ ದೃಷ್ಟಿ. ಪರಂಗಿಹಣ್ಣು ತಿಂದಿದ್ದರೆ ಉಷ್ಣ, ಸೀಬೆಹಣ್ಣು ತಿಂದಿದ್ದರೆ ಶೀತ, ಕಡಲೆಕಾಯಿ ತಿಂದಿದ್ದರೆ ಪಿತ್ತ, ಆಲೂಗೆಡ್ಡೆ ತಿಂದಿದ್ದರೆ ವಾಯು. ಏನೂ ತಿಂದಿಲ್ಲವೆಂದರೆ, ಹಸಿದು ಪಿತ್ತ ಕೆರಳಿದೆ. ಒಮ್ಮೆ ಪೇಟೆಯ ಡಾಕ್ಟರು ಯಾರದೋ ಜ್ವರಕ್ಕೆ ‘ವೈರಲ್’ ಎಂದು ಹೇಳಿ ಕಳಿಸಿದ್ದರು. ಅತ್ತೆ ಅದನ್ನು ಕೇಳಿ, “ಗೊತ್ತಾಗ್ಲಿಲ್ಲ ಅಂತ ನೇರ ಹೇಳೋಕೆ ಮರ್ಯಾದೆ ಅಡ್ಡ ಬಂತು, ಪಾಪ” ಎಂದರು.

‘ಹಿತ್ತಲ ಗಿಡ ಮದ್ದಲ್ಲ’ ಎಂದು ಗಾದೆ ಕಟ್ಟಿದವನು ಅತ್ತೆಯ ಹಿತ್ತಲಿಗೆ ಕಾಲಿಟ್ಟವನಲ್ಲ. ಬಚ್ಚಲ ನೀರು ಹರಿಯುವಲ್ಲಿ ದೊಡ್ಡಪತ್ರೆ, ಬೇಲಿಗೆ ಹಬ್ಬಿದ ಅಮೃತಬಳ್ಳಿ, ತೋಟದ ಬದುವಿನಲ್ಲಿ ಒಂದೆಲಗ, ಬಾವಿಕಟ್ಟೆಯ ಸಂದಿಯಲ್ಲಿ ನೆಲನೆಲ್ಲಿ. ಕೆಮ್ಮಿಗೆ ದೊಡ್ಡಪತ್ರೆಯನ್ನು ಕೆಂಡದಲ್ಲಿ ಬಾಡಿಸಿ ಹಿಂಡಿದ ರಸ, ಕಾಮಾಲೆಗೆ ನೆಲನೆಲ್ಲಿ. ಪರೀಕ್ಷೆಗೆ ಒಂದೆಲಗದ ತಂಬುಳಿ. ಮಾರ್ಚ್ ತಿಂಗಳಿಡೀ ಆ ತಂಬುಳಿ ಉಂಡ ನಮ್ಮ ಅಣ್ಣನೊಬ್ಬ ಗಣಿತದಲ್ಲಿ ಫೇಲಾದಾಗ ಅತ್ತೆ ವಿಚಲಿತರಾಗಲಿಲ್ಲ. “ನೆನಪಿಗೆ ಅಂತ ಕೊಟ್ಟೆ. ಓದಿದ್ದರೆ ತಾನೇ ನೆನಪಿರೋದು?”

ಒಣ ಸರಕಿನ ಭಂಡಾರ ಅಡುಗೆಮನೆಯ ಅಟ್ಟದ ಕೆಳಗಿತ್ತು. ಹಾರ್ಲಿಕ್ಸ್ ಬಾಟಲಿಯಲ್ಲಿ ಹಿಪ್ಪಲಿ, ಬೋರ್ನ್‌ವಿಟಾ ಡಬ್ಬದಲ್ಲಿ ಅಳಲೆಕಾಯಿ, ಕುಂಕುಮದ ಭರಣಿಯಲ್ಲಿ ಜಾಯಿಕಾಯಿ. ಯಾವುದರ ಮೇಲೂ ಚೀಟಿ ಇಲ್ಲ, ಮುಚ್ಚಳ ತೆಗೆದು ಮೂಸಿದರೆ ಅವರಿಗೆ ಗೊತ್ತು. ಅಳತೆಗಳೂ ಅವರವೇ. ಅಡಿಕೆ ಗಾತ್ರ, ಮೂರು ಬೆರಳಿಗೆ ಸಿಕ್ಕುವಷ್ಟು, ನಾಲ್ಕು ಲೋಟ ಒಂದು ಲೋಟಕ್ಕೆ ಇಳಿಯುವಷ್ಟು. ಕೂಸುಗಳ ಮದ್ದಿಗಂತೂ ಲೆಕ್ಕ ಸುತ್ತಿನಲ್ಲಿ. ಸಾಣೆಕಲ್ಲಿನ ಮೇಲೆ ಬಜೆ ಎರಡು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆ ಮೂರು ಸುತ್ತು. ಸುತ್ತು ದೊಡ್ಡದೋ ಚಿಕ್ಕದೋ ಎಂದು ಕೇಳಿದ ಹೊಸ ಸೊಸೆಗೆ ಸಿಕ್ಕ ಉತ್ತರ: “ಮಗು ನೋಡಿ ಸುತ್ತಬೇಕು.”

ಇವೆಲ್ಲ ಬಿಡಿ ಬಿಡಿಯಾದ ಚಕಮಕಿ. ಮಹಾಯುದ್ಧ ನಡೆಯುತ್ತಿದ್ದದ್ದು ಬೇಸಿಗೆ ರಜೆಯ ಕೊನೆಯ ಭಾನುವಾರ. ತಿಂಗಳಿಡೀ ನಾವು ತಿಂದ ಮಾವು, ಹಲಸು, ಹಸಿ ಹಪ್ಪಳದ ಹಿಟ್ಟು, ಉಪ್ಪು ಹಚ್ಚಿ ಕದ್ದು ಚೀಪಿದ ಹುಣಸೆ, ಎಲ್ಲದರ ಲೆಕ್ಕ ಅಂದು ಚುಕ್ತಾ. ಬೆಳಕು ಹರಿಯುವ ಮುಂಚೆ ಜಗಲಿಯಲ್ಲಿ ವಯಸ್ಸಿನ ಪ್ರಕಾರ ಸಾಲು. ಕಾಫಿ ಮಕ್ಕಳಿಗಲ್ಲ ಎಂದು ವರ್ಷವಿಡೀ ಗದರುವ ಮನೆಯಲ್ಲಿ ಅಂದು ಮಾತ್ರ ಮಕ್ಕಳಿಗೂ ಹಬೆಯಾಡುವ ಕಾಫಿ. ಅದರ ಮೇಲೆ ಬೆರಳು ದಪ್ಪಕ್ಕೆ ನಿಂತ ಹರಳೆಣ್ಣೆ. ಒಬ್ಬ ದೊಡ್ಡವನು ಹಿಂದಿನಿಂದ ಮೂಗು ಹಿಡಿಯುತ್ತಿದ್ದ, ಅತ್ತೆ ಮುಂದಿನಿಂದ ಲೋಟ ಹಿಡಿಯುತ್ತಿದ್ದರು. “ಉಗುಳು, ಪರವಾಗಿಲ್ಲ. ಇನ್ನೊಂದು ಲೋಟ ಇಲ್ಲೇ ಇದೆ.” ಇಳಿದ ಮೇಲೆ ನೆಕ್ಕಲು ನಿಂಬೆ ಉಪ್ಪಿನಕಾಯಿಯ ಒಂದು ಹೋಳು. ಆಮೇಲೆ ಅಂಗಳದಲ್ಲಿ ನಡೆದಾಡುತ್ತ ಗುಟುಕು ಗುಟುಕಾಗಿ ಬಿಸಿನೀರು.

ಹರಳೆಣ್ಣೆಯಿಂದ ಹೊಟ್ಟೆಯಲ್ಲಿ ಬಿಡುಗಡೆಯಾಗುವ ರಿಸಿನೋಲಿಕ್ ಆಮ್ಲ ಕರುಳನ್ನು ಕೆಣಕಿ, ಸಾಮಾನ್ಯವಾಗಿ ಎರಡರಿಂದ ಆರು ಗಂಟೆಯೊಳಗೆ ಕೆಲಸ ತೋರಿಸುತ್ತದೆ ಎಂದು ವೈದ್ಯರ ಪುಸ್ತಕ ಹೇಳುತ್ತದೆ. ಒಂದು ಡಜನ್ ಮಕ್ಕಳಿಗೆ ಆ ಗಳಿಗೆ ಒಟ್ಟಿಗೇ ಬರುತ್ತದೆ, ಮನೆಗೆ ಕಕ್ಕಸು ಒಂದೇ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಹಿತ್ತಲಿನ ಆ ತಗಡಿನ ಬಾಗಿಲಿನ ಮುಂದೆ ಅಂದು ಅಣ್ಣತಮ್ಮಂದಿರ ಬಾಂಧವ್ಯ ಹರಿದು ಚಿಂದಿಯಾಗುತ್ತಿತ್ತು. “ಆಯ್ತೇನೋ?” “ಇಲ್ವೋ!” “ನಾನು ತೋಟಕ್ಕೆ ಹೋಗ್ತೀನಿ ನೋಡು!” “ಹೋಗು, ಚೊಂಬು ಒಳಗೇ ಇದೆ!” ಅತ್ತೆ ಬಾವಿಕಟ್ಟೆಯ ಮೇಲೆ ಕೂತು ಹಾಜರಿ ಬರೆದುಕೊಳ್ಳುವ ಗಾಂಭೀರ್ಯದಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: “ನಿಂದೆಷ್ಟಾಯ್ತು?” “ಮೂರು, ಅತ್ತೆ.” “ಇನ್ನೂ ಒಂದು ಬಾಕಿ. ದೂರ ಹೋಗಬೇಡ.” ಮಧ್ಯಾಹ್ನಕ್ಕೆ ಮೆಣಸಿನ ಸಾರು, ಮೆತ್ತಗಿನ ಅನ್ನ. ಸಂಜೆ ಹೊತ್ತಿಗೆ ಜಗಲಿಯ ಉದ್ದಕ್ಕೂ ಮಕ್ಕಳು ಮಲಗಿರುತ್ತಿದ್ದವು, ಮನೆಯಲ್ಲಿ ಗಲಾಟೆಯೇ ಇಲ್ಲ. ಇದು ಹೊಟ್ಟೆ ಶುದ್ಧಿಗೋ, ಕನಿಷ್ಠ ಒಂದು ದಿನ ಮನೆ ತಣ್ಣಗಿರಲಿ ಎಂದೋ ಎಂಬ ಅನುಮಾನ ನನಗಿನ್ನೂ ಇದೆ. ನಮ್ಮಲ್ಲಿ ಕೆಲವರು ಇವತ್ತಿಗೂ ಕಾಫಿ ಕುಡಿಯುವುದಿಲ್ಲ. ಕಾರಣ ಕೇಳಿದವರಿಗೆ ‘ಅಸಿಡಿಟಿ’ ಎಂದು ಹೇಳಿ ಮುಗಿಸುತ್ತಾರೆ.

ಶಾಲೆಗೆ ಚಕ್ಕರ್ ಹೊಡೆಯಲು ಹೊಟ್ಟೆನೋವು ಹೇಳುವ ಪರಿಪಾಠ ಎಲ್ಲ ಮನೆಗಳಲ್ಲೂ ಇದೆ. ಅತ್ತೆ ನಮ್ಮ ಮನೆಗೆ ಬಂದಿದ್ದ ದಿನಗಳಲ್ಲಿ ನಮ್ಮ ಹಾಜರಿ ಪೂರ್ತಿ. ಅವರು ಯಾರನ್ನೂ ಸುಳ್ಳುಗಾರ ಎಂದವರಲ್ಲ. “ಹೌದಾ ಕಂದ, ಎಲ್ಲಿ ನೋವು?” ಎಂದು ಅಕ್ಕರೆಯಿಂದ ಕೇಳಿ ಒಲೆಯ ಮೇಲೆ ನೆಲಬೇವು ಇಡುತ್ತಿದ್ದರು. ನಿಜವಾದ ಹೊಟ್ಟೆನೋವಾದರೆ ನೆಲಬೇವು ಕುಡಿದ ಮೇಲೆ ಹೋಗುತ್ತಿತ್ತು, ಸುಳ್ಳು ಹೊಟ್ಟೆನೋವು ಅದರ ವಾಸನೆಗೇ ಹೋಗುತ್ತಿತ್ತು. ಗುಣವಾಗುವುದಂತೂ ಖಾತ್ರಿ. ಎಲ್ಲೋ ಒಮ್ಮೊಮ್ಮೆ ಗುಣವಾಗದಿದ್ದರೆ ರೋಗಿ ಪಥ್ಯ ಮಾಡಿಲ್ಲ. ಪೇಟೆಯ ಮಾತ್ರೆಯಿಂದ ವಾಸಿಯಾದರೆ, ಅತ್ತೆಯ ಕಷಾಯ ಅದಾಗಲೇ ದೇಹವನ್ನು ಹದ ಮಾಡಿಟ್ಟಿತ್ತು.

ಅವರು ಒಂದೇ ಒಂದು ಸಲ ಇಕ್ಕಟ್ಟಿಗೆ ಸಿಕ್ಕಿದ್ದು ಮೀನೆಣ್ಣೆಯ ವಿಷಯದಲ್ಲಿ. ಬಡಕಲಾಗಿದ್ದ ಮೊಮ್ಮಗಳಿಗೆ ಎ ಮತ್ತು ಡಿ ಜೀವಸತ್ವ ಬೇಕು, ಸ್ಕಾಟ್ಸ್ ಎಮಲ್ಶನ್ ಕೊಡಿ ಎಂದರು ಡಾಕ್ಟರು. ಆ ಬಾಟಲಿಯ ಮೇಲೆ, ಆಳೆತ್ತರದ ಮೀನನ್ನು ಬೆನ್ನಿಗೆ ಹೊತ್ತ ಮನುಷ್ಯನ ಚಿತ್ರ. ಬೆಳ್ಳುಳ್ಳಿಯನ್ನೂ ಏಕಾದಶಿಗೆ ಮುಟ್ಟದ ಮನೆ ಅದು. ಬೇಡವೆನ್ನಲು ಕೂಸಿನ ಮೇಲಿನ ಪ್ರೀತಿ ಬಿಡದು. ಕೊನೆಗೆ ಬಾಟಲಿಗೆ ಕೊಟ್ಟಿಗೆಯ ಗೂಡಿನಲ್ಲಿ ಜಾಗವಾಯಿತು. ಚಿತ್ರದ ಮೇಲೆ ಹಳೆಯ ಪಂಚಾಂಗದ ಹಾಳೆಯನ್ನು ಅನ್ನದ ಅಗುಳಿನಿಂದ ಅಂಟಿಸಿದರು. ದಿನಾ ಬೆಳಿಗ್ಗೆ ಮೊಮ್ಮಗಳು ಕೊಟ್ಟಿಗೆಗೆ ಹೋಗಿ, ಹಸುವಿನ ಎದುರು ಒಂದು ಚಮಚ ನುಂಗಿ, ಬಾಯಿ ಮುಕ್ಕಳಿಸಿ ಒಳಗೆ ಬರಬೇಕು. ಮನೆಯಲ್ಲಿ ಅದರ ಹೆಸರು ‘ಕೊಟ್ಟಿಗೆ ಮದ್ದು’. ಹುಡುಗಿಗೆ ಮೈ ಬಂತು. ಅತ್ತೆ ಅದರ ಯಶಸ್ಸನ್ನು ಹಸುವಿನ ಗಾಳಿಗೆ ಕೊಟ್ಟರು.

ಮಾವ ಬಾಟಲಿ ಪಕ್ಷ. ಅವರ ಜೇಬಿನಲ್ಲಿ ಸದಾ ಅಮೃತಾಂಜನದ ಹಳದಿ ಶೀಸೆ. 1893ರಲ್ಲಿ ಮುಂಬಯಿಯಲ್ಲಿ ಅದನ್ನು ಶುರು ಮಾಡಿದ ಕಾಶೀನಾಥುನಿ ನಾಗೇಶ್ವರರಾವ್ ಪಂತುಲು ಮುಂದೆ ‘ಆಂಧ್ರ ಪತ್ರಿಕೆ’ ನಡೆಸಿದರು, ಉಪ್ಪಿನ ಸತ್ಯಾಗ್ರಹದಲ್ಲಿ ಪಾಲ್ಗೊಂಡರು. ಇದನ್ನು ಎಲ್ಲೋ ಓದಿದ ಮಾವ ಮನೆಯಲ್ಲಿ ವಾದ ಹೂಡಿದರು: “ಸ್ವಾತಂತ್ರ್ಯ ಹೋರಾಟಗಾರರು ಮಾಡಿದ ಮದ್ದು ಕಣೇ ಇದು.” ಅತ್ತೆ ಒಲೆ ಊದುತ್ತಲೇ ಹೇಳಿದರು: “ಪತ್ರಿಕೆ ನಡೆಸೋರಿಗೆ ತಲೆನೋವು ಬಾರದೆ ಇರುತ್ತಾ? ಅವರ ಕಷ್ಟಕ್ಕೆ ಅವರು ಮಾಡ್ಕೊಂಡಿದ್ದಾರೆ.” ಗ್ರೈಪ್ ವಾಟರ್ ಒಂದಕ್ಕೆ ಮಾತ್ರ ಅತ್ತೆಯ ಅಡುಗೆಮನೆಯಲ್ಲಿ ಪ್ರವೇಶವಿತ್ತು, ಅದರಲ್ಲಿ ಸಬ್ಬಸಿಗೆ ಇದೆ ಎಂಬ ಕಾರಣಕ್ಕೆ. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಮಾಡಿದ ಮೂಲ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಒಂದಿಷ್ಟು ಮದ್ಯಸಾರವೂ ಇತ್ತಂತೆ. ಕೂಸು ಕುಡಿದು ಉಳಿದದ್ದನ್ನು ಮಾವ ಯಾಕೆ ಅಷ್ಟು ಮುತುವರ್ಜಿಯಿಂದ ಮುಗಿಸುತ್ತಿದ್ದರೋ, ಆಗ ನಮಗೆ ತಿಳಿಯಲಿಲ್ಲ.

ಅತ್ತೆಗೆ ಸರಿಸಾಟಿ ಎಂದರೆ ಅವರ ಓರಗಿತ್ತಿ, ಪುತ್ತೂರಿನ ಕಡೆಯವರು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ, ಕಬ್ಬಿಣ ಸೋಕಿಸದೆ, ಕಲ್ಲಿನಿಂದಲೇ ಜಜ್ಜಿ ತೆಗೆದ ಹಾಲೆ ಮರದ ಕೆತ್ತೆ, ಅದಕ್ಕೆ ಮೆಣಸು, ಓಮ, ಬೆಳ್ಳುಳ್ಳಿ, ಕಾಯಿಸಿದ ಬೆಣಚುಕಲ್ಲಿನ ಒಗ್ಗರಣೆ. ಖಾಲಿ ಹೊಟ್ಟೆಗೆ ಇಷ್ಟು ಕುಡಿದು ಮೆಂತೆ ಗಂಜಿ ಉಂಡರೆ ವರ್ಷವಿಡೀ ರೋಗವಿಲ್ಲ ಎಂದು ಅವರು ಹೇಳುವಾಗ ಅತ್ತೆಯ ಮುಖದಲ್ಲಿ ಅಸೂಯೆ ಸ್ಪಷ್ಟವಾಗಿ ಕಾಣುತ್ತಿತ್ತು. ವರ್ಷಕ್ಕೊಂದೇ ದಿನ ಕುಡಿಸಿ ಸುಮ್ಮನಾಗುವ ಸಂಯಮ ಅತ್ತೆಗಿರಲಿಲ್ಲ, ಅಷ್ಟೆ. ಅಂದಹಾಗೆ, ಕತ್ತಲಲ್ಲಿ ಹಾಲೆ ಎಂದುಕೊಂಡು ಕಾಸರಕದ ಕೆತ್ತೆ ತಂದವರು ಆಸ್ಪತ್ರೆ ಸೇರುತ್ತಾರೆ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಮರ ಗೊತ್ತಿರುವ ಹಿರಿಯರು ಹಿಂದಿನ ದಿನ ಹಗಲಿನಲ್ಲೇ ಗುರುತು ಮಾಡಿ ಬರುವುದು ಅದಕ್ಕೇ.

ವಿಜ್ಞಾನ ಅತ್ತೆಯ ಮನೆಬಾಗಿಲಿಗೆ ಬಂದದ್ದೂ ಉಂಟು. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಪೇಟೆಂಟ್ ಪಡೆದಿದ್ದರು. ಇದೇನು ಹೊಸತಲ್ಲ ಎಂದು ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು ವಾದಿಸಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ಸುದ್ದಿ ಓದಿ ಹೇಳಿದಾಗ ಅತ್ತೆಗೆ ಗೆಲುವಿನ ಸಂತೋಷಕ್ಕಿಂತ ತಮ್ಮನ್ನು ಕರೆಯಲಿಲ್ಲವೆಂಬ ಬೇಸರವೇ ಹೆಚ್ಚು. “ಇಷ್ಟು ವರ್ಷ ಯಾಕೆ ಬೇಕಿತ್ತು? ನಿನ್ನ ಮೊಣಕಾಲು ತೋರಿಸಿದ್ರೆ ಆಗ್ತಿತ್ತಲ್ಲ.” 2020ರಲ್ಲಿ ಕೊರೋನಾ ಬಂದಾಗ ಆಯುಷ್ ಸಚಿವಾಲಯವೇ ತುಳಸಿ, ಚಕ್ಕೆ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯ ಕುಡಿಯಿರಿ ಎಂದು ಸಲಹೆ ಕೊಟ್ಟಿತು. ಎಂಬತ್ತು ದಾಟಿದ್ದ ಅತ್ತೆ ಪಟ್ಟಿಯನ್ನು ಎರಡು ಸಲ ಓದಿಸಿಕೊಂಡರು. ಸರ್ಕಾರ ತಡವಾಗಿಯಾದರೂ ದಾರಿಗೆ ಬಂತು ಎಂದುಕೊಂಡರು. ತಕರಾರು ಒಂದೇ: “ದ್ರಾಕ್ಷಿ ಯಾಕಂತೆ? ಕಷಾಯ ಸಿಹಿ ಮಾಡಿದ್ರೆ ರೋಗಕ್ಕೇ ರುಚಿ ಹತ್ತುತ್ತೆ.”

ನನ್ನ ಮಟ್ಟಿಗೆ ಹೇಳುವುದಾದರೆ, ನೆಗಡಿಗೆ ಅತ್ತೆಯ ಜೀರಿಗೆ–ಮೆಣಸಿನ ಕಷಾಯ ಬೆಲ್ಲ ಹಾಕಿ ಕುಡಿಯುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಗಂಟಲಿಗೆ ಹಿತ, ಮೂಗಿಗೆ ದಾರಿ, ಮನೆಯವರಿಗೆ ಏನೋ ಮಾಡಿದೆವೆಂಬ ಸಮಾಧಾನ. ಹರಳೆಣ್ಣೆಯ ಭಾನುವಾರ ಮತ್ತೆ ಬರಬೇಕೆಂದು ಮಾತ್ರ ಯಾರೂ ಹಂಬಲಿಸಬಾರದು. ಕರುಳು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಸುಟ್ಟ ಗಾಯಕ್ಕೆ ತುಪ್ಪ, ಇಂಕು, ಹಲ್ಲುಪುಡಿ ಯಾವುದೂ ಬೇಡ, ಹರಿಯುವ ತಣ್ಣೀರು ಸಾಕು. ಮಕ್ಕಳ ಜ್ವರ ಇಳಿಯದಿದ್ದರೆ ಕಷಾಯ ಕುದಿಯುವವರೆಗೆ ಕಾಯದೆ ಡಾಕ್ಟರ ಬಳಿಗೆ ಹೊರಡಿ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷ ತುಂಬದ ಕೂಸಿನ ನಾಲಿಗೆಗೆ ಜೇನುತುಪ್ಪ ಸವರಬೇಡಿ. ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವನ್ನು ತಡೆಯುವ ಶಕ್ತಿ ಅಷ್ಟು ಎಳೆಯ ಕರುಳಿಗೆ ಇರುವುದಿಲ್ಲ. ಈ ಮಾತನ್ನು ನಿಮ್ಮ ಮನೆಯ ಕಷಾಯದತ್ತೆಗೆ ಮೆತ್ತಗೆ, ಊಟವಾದ ಮೇಲೆ, ಸಮಯ ನೋಡಿ ತಿಳಿಸಿ. ತಿಳಿಸುವಾಗ ದಯವಿಟ್ಟು ನನ್ನ ಹೆಸರು ಎತ್ತಬೇಡಿ.