ಓಟು ಯಾವ ವಾರ ಬಂತು?

ಚುನಾವಣೆಯ ವೇಳಾಪಟ್ಟಿ ಪ್ರಕಟವಾದ ದಿನ ಹಳ್ಳಿಕಟ್ಟೆಯಲ್ಲಿ ಕೂತವರು 'ಟಿಕೆಟ್ ಯಾರಿಗೆ' ಎಂದು ಕೇಳುತ್ತಾರೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೇಳುವ ಪ್ರಶ್ನೆ ಬೇರೆ: "ಓಟು ಯಾವ ವಾರ ಬಂತು?" ಶನಿವಾರ ಬಂದರೆ ಪಕ್ಕದಲ್ಲೇ ಭಾನುವಾರ ಇದೆ. ಶುಕ್ರವಾರ ಬಂದರೆ ಸಲೀಸಾಗಿ ಮೂರು ದಿನ. ಗುರುವಾರವೋ ಮಂಗಳವಾರವೋ ಬಂದರೆ ನಡುವೆ ಒಂದು ಹೊಟ್ಟೆನೋವು ಸೇರಿಸಿ ನಾಲ್ಕು ದಿನ. ಎರಡನೇ ಮಹಡಿಯಲ್ಲಿರುವ ನಮ್ಮ ಭಾವನಿಗೆ ಈ ಲೆಕ್ಕ ಬಾಯಿಪಾಠ. ಅಭ್ಯರ್ಥಿಗಳು ನಾಮಪತ್ರ ಸಲ್ಲಿಸುವ ಹೊತ್ತಿಗೆ ಅವನು ಸಕಲೇಶಪುರದ ಹೋಂಸ್ಟೇಗೆ ಮುಂಗಡ ಸಲ್ಲಿಸಿ ಆಗಿರುತ್ತದೆ.

ಚುನಾವಣಾ ಆಯೋಗಕ್ಕೂ ಇಂಥ ಭಾವಂದಿರ ವಾಸನೆ ಬಡಿದಿದೆ. 2018ರ ವಿಧಾನಸಭಾ ಚುನಾವಣೆ ಮೇ 12ರ ಶನಿವಾರ ನಡೆದಿತ್ತು. 2023ರಲ್ಲಿ ಮೇ 10ರ ಬುಧವಾರಕ್ಕೆ ಇಟ್ಟರು. ವಾರದ ತುದಿಗೆ ಇಟ್ಟರೆ ಜನ ರಜೆ ಸೇರಿಸಿಕೊಂಡು ಊರು ಬಿಡುತ್ತಾರೆ, ಅದಕ್ಕೇ ನಟ್ಟನಡುವೆ ಇಟ್ಟಿದ್ದೇವೆ ಎಂಬರ್ಥದ ಮಾತನ್ನು ಮುಖ್ಯ ಚುನಾವಣಾ ಆಯುಕ್ತರೇ ಪತ್ರಿಕಾಗೋಷ್ಠಿಯಲ್ಲಿ ಆಡಿದರು. ಟಿವಿ ಮುಂದೆ ಕೂತಿದ್ದ ಭಾವ "ಇದು ನನ್ನ ಮೇಲಿನ ವೈಯಕ್ತಿಕ ದಾಳಿ" ಎಂದ. ಮರುವರ್ಷ ಲೋಕಸಭೆಗೆ ಬೆಂಗಳೂರಿನ ಸರದಿ ಏಪ್ರಿಲ್ 26ಕ್ಕೆ ಬಿತ್ತು. ಅಂದು ಶುಕ್ರವಾರ. ಭಾವನಿಗೆ ಆಯೋಗದ ನಿಷ್ಪಕ್ಷಪಾತದ ಮೇಲೆ ಮತ್ತೆ ನಂಬಿಕೆ ಬಂತು.

ಅವನಿಗೆ ಕಾನೂನೂ ಗೊತ್ತು. ಮತದಾನದ ದಿನ ನೌಕರರಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಕೊಡದ ಮಾಲೀಕನಿಗೆ 500 ರೂಪಾಯಿವರೆಗೆ ದಂಡ. ರಜೆ ತೆಗೆದುಕೊಂಡೂ ಓಟು ಹಾಕದವನಿಗೆ? ಕಲಂ ಏನನ್ನೂ ಹೇಳುವುದಿಲ್ಲ. ಈ ಮೌನವನ್ನು ಭಾವ ಸಂವಿಧಾನದತ್ತ ಸ್ವಾತಂತ್ರ್ಯ ಎಂದು ತಿಳಿದಿದ್ದಾನೆ.

ಹಾಗೆ ನೋಡಿದರೆ ಓಟಿನ ಸಾಮಾನುಗಳಿಗೆ ಕರ್ನಾಟಕವೇ ತವರು. ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಮೈಸೂರು ಪೇಂಟ್ಸ್ 1962ರ ಮಹಾಚುನಾವಣೆಯಿಂದ ಈ ಶಾಯಿ ಒದಗಿಸುತ್ತಿದೆ. ಮತಯಂತ್ರ ಮಾಡುವ ಸರ್ಕಾರಿ ಕಂಪನಿಗಳು ಎರಡೇ ಎರಡು. ಒಂದು ಹೈದರಾಬಾದಿನ ಇಸಿಐಎಲ್, ಇನ್ನೊಂದು ನಮ್ಮ ಬೆಂಗಳೂರಿನ ಬಿಇಎಲ್. ಶಾಯಿ ನಮ್ಮದು, ಯಂತ್ರ ನಮ್ಮದು, ಬೆರಳು ಮಾತ್ರ ಸಕಲೇಶಪುರದಲ್ಲಿ. 2023ರಲ್ಲಿ ರಾಜ್ಯದ ಒಟ್ಟು ಮತದಾನ ಶೇ 73 ದಾಟಿತು, ಮೇಲುಕೋಟೆ ಕ್ಷೇತ್ರದಲ್ಲಿ ಶೇ 90 ದಾಟಿತು, ರಾಜಧಾನಿ ಮಾತ್ರ ಶೇ 55ರ ಆಸುಪಾಸಿನಲ್ಲಿ ತೆವಳುತ್ತಿತ್ತು.

ಎಲ್ಲವನ್ನೂ ಸೋಮಾರಿತನದ ಖಾತೆಗೆ ಬರೆಯುವುದು ಅನ್ಯಾಯ. ಈ ನಗರದ ಎಷ್ಟೋ ಜನರ ಓಟು ಊರಲ್ಲೇ ಉಳಿದಿದೆ. ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್‌ಗೆ ಹೋಗಿ ನೋಡಬೇಕು. ಬಸ್ಸಿನ ಬಾಗಿಲು ತೆರೆಯುವ ಮೊದಲೇ ಕಿಟಕಿಯಿಂದ ಟವೆಲು, ಬ್ಯಾಗು, ಒಮ್ಮೊಮ್ಮೆ ಮಗು ಸೀಟು ಹಿಡಿದಿರುತ್ತವೆ. ನಮ್ಮ ಕಟ್ಟಡದ ವಾಚ್‌ಮನ್ ರಾಯಚೂರು ಜಿಲ್ಲೆಯವನು. 2024ರಲ್ಲಿ ಆ ಕಡೆಯ ಮತದಾನ ಮೇ 7ಕ್ಕೆ ಇತ್ತು. ಬೆಂಗಳೂರಿಗೆ ಅದೊಂದು ಮಾಮೂಲಿ ಮಂಗಳವಾರ. ಅವನು ಸಂಬಳ ಕಟ್ ಮಾಡಿಸಿಕೊಂಡು, ರಾತ್ರಿಯಿಡೀ ಪ್ರಯಾಣ ಮಾಡಿ, ಓಟು ಹಾಕಿ ಬಂದ. ಗೇಟು ತೆಗೆಯುವಾಗ ಅವನ ಬೆರಳಿನ ಕಪ್ಪು ಗೆರೆ ನೋಡಿದ ಭಾವ "ಅಷ್ಟು ದೂರ ಯಾಕಪ್ಪಾ ಹೋದೆ?" ಎಂದು ನಿಜವಾದ ಕನಿಕರದಿಂದ ಕೇಳಿದ. "ನಾ ಹೋಗ್ಲಿಲ್ಲಂದ್ರ ನಾ ಸತ್ತೀನಂತ ತಿಳ್ಕೊಂಡು ಹೆಸರ ತಗದ್‌ಬಿಡ್ತಾರ್ರೀ" ಎಂದ ಅವನು.

ಹೆಸರಿನ ವಿಷಯ ಬಂತು. ನಮ್ಮ ಜನ ವೋಟರ್ ಐಡಿಯನ್ನು ಬೀರುವಿನಲ್ಲಿ ಒಡವೆಯ ಪಕ್ಕ ಇಟ್ಟು, ಓಟು ಭದ್ರವಾಗಿದೆ ಎಂದು ನಂಬಿರುತ್ತಾರೆ. ಕಾರ್ಡು ಕಳೆದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಯಾವುದಾದರೂ ನಡೆಯುತ್ತದೆ. ಪಟ್ಟಿಯಲ್ಲಿ ಹೆಸರು ಕಳೆದರೆ ಆ ಮೂರನ್ನೂ ಒಟ್ಟಿಗೆ ತೋರಿಸಿದರೂ ನಡೆಯುವುದಿಲ್ಲ. ಹೊಸದಾಗಿ ಸೇರಲು ನಮೂನೆ 6, ಹೆಸರು ತೆಗೆಸಲು ನಮೂನೆ 7, ಮನೆ ಬದಲಾದರೂ ತಪ್ಪು ತಿದ್ದಬೇಕಾದರೂ ನಮೂನೆ 8. ಬಾಡಿಗೆ ಮನೆಯವರು ಎಂಟನ್ನು ಕುಲದೇವರಂತೆ ಪೂಜಿಸಬೇಕು.

ನಾವು ಮನೆ ಬದಲಿಸಿದಾಗ ಇಬ್ಬರದೂ ಅರ್ಜಿ ಒಟ್ಟಿಗೇ ಹೋಯಿತು. ಹೆಂಡತಿಯ ಹೆಸರು ಪಕ್ಕದ ಬೀದಿಯ ಶಾಲೆಗೆ ಬಂತು. ನನ್ನದು ಎರಡು ಮುಖ್ಯರಸ್ತೆ ದಾಟಿ ಇನ್ನೊಂದು ಶಾಲೆಗೆ ಹೋಯಿತು. ಮತದಾನದ ದಿನ ನಮ್ಮ ನಡುವೆ ರಾಜಕೀಯ ಭಿನ್ನಾಭಿಪ್ರಾಯವಿಲ್ಲ, ಭೌಗೋಳಿಕ ಭಿನ್ನಾಭಿಪ್ರಾಯವಿದೆ. ಅದನ್ನು ಸಹಿಸಬಹುದು. ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ 'ಗಂಡನ ಹೆಸರು' ಎಂದು ಹಾಕಿ, ಮುಂದೆ ನಮ್ಮಪ್ಪನ ಹೆಸರು ಅಚ್ಚಾಗಿದೆ. ಕೆಳಮನೆಯ ಭಟ್ಟ ಮೇಷ್ಟ್ರು ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ವಾಪಸು ಬರುವಷ್ಟರಲ್ಲಿ 'ಭಾತ್' ಆಗಿದ್ದಾರೆ. "ಬಿಸಿಬೇಳೆಯೋ ವಾಂಗಿಯೋ ಅಂತ ಬಿಎಲ್‌ಒ ಅವರನ್ನ ಕೇಳಬೇಕು" ಎನ್ನುತ್ತಾರೆ. ಪಾಪ, ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಬಹುಮಟ್ಟಿಗೆ ಶಾಲಾ ಶಿಕ್ಷಕಿಯೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ತಮ್ಮ ಕೆಲಸ ಮುಗಿಸಿ ಮನೆಮನೆ ಸುತ್ತುವ ಅವರನ್ನು ನಮ್ಮ ಗೇಟಿನಲ್ಲಿ ಆ್ಯಪ್ ಮೂಲಕ ಪರವಾನಗಿ ಪಡೆಯುವವರೆಗೆ ಬಿಸಿಲಲ್ಲಿ ನಿಲ್ಲಿಸುತ್ತಾರೆ. ಪಿಜ್ಜಾ ತಂದ ಹುಡುಗ ಅಷ್ಟರಲ್ಲಿ ಮೂರು ಮನೆಗೆ ಕೊಟ್ಟು ಇಳಿದಿರುತ್ತಾನೆ.

ಪಟ್ಟಿಯ ರಗಳೆ ಹಳೆಯದು. ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯಹೊರಟಾಗ ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಆ ತಾಯಂದಿರಿಗೆ ಪಟ್ಟಿಯಲ್ಲಿ ಗಂಡನಿದ್ದ, ಹೆಸರಿರಲಿಲ್ಲ. ನನಗೆ ಹೆಸರೂ ಇದೆ, ಗಂಡನೂ ಇದ್ದಾನೆ. ದೂರುವುದು ಹೇಗೆ?

ಪಟ್ಟಿ ದಾಟಿದವರಿಗೆ ಮುಂದಿನ ತೊಡಕು ತಲೆಯೊಳಗೇ ಇರುತ್ತದೆ: ಯಾರಿಗೆ ಹಾಕುವುದು? ಮೊದಲ ಓಟಿನ ಉಮೇದಿನಲ್ಲಿದ್ದ ಮಗಳು ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನೆಲ್ಲ ಫೋನಿನಲ್ಲಿ ತೆರೆದು ಕೂತಳು. ಯಾರ ಮೇಲೆ ಎಷ್ಟು ಮೊಕದ್ದಮೆ, ಎಷ್ಟು ಸೈಟು, ಎಷ್ಟು ಚಿನ್ನ, ಎಲ್ಲ ಅದರಲ್ಲಿದೆ. ಒಬ್ಬರ ಆಸ್ತಿಯ ಪುಟಗಳನ್ನು ಸರಿಸಿ ಸರಿಸಿ ಸುಸ್ತಾಗಿ "ಅಪ್ಪಾ, ನೀನೂ ಯಾವಾಗಾದ್ರೂ ನಿಂತ್ಕೋಬಹುದಿತ್ತು" ಎಂದಳು. ಕೊನೆಗೆ ಯಾರೂ ಬೇಡ, ನೋಟಾ ಒತ್ತುತ್ತೇನೆ ಎಂದಳು.

"ನೋಟಾಗೇ ಎಲ್ಲರಿಗಿಂತ ಜಾಸ್ತಿ ಓಟು ಬಿದ್ರೆ?"

"ಅದರ ನಂತರ ಯಾರಿಗೆ ಜಾಸ್ತಿಯೋ ಅವರು ಗೆಲ್ತಾರೆ."

"ಮತ್ತೆ ಅದನ್ನ ಇಟ್ಟಿರೋದು ಯಾಕೆ?"

ಈ ಪ್ರಶ್ನೆಗೆ ಇತಿಹಾಸದಿಂದಲೇ ಉತ್ತರ ಕೊಡಬೇಕು. 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳುವವರೆಗೆ ಯಂತ್ರದಲ್ಲಿ ಆ ಗುಂಡಿ ಇರಲಿಲ್ಲ. ಅದಕ್ಕೂ ಮುಂಚೆ ಇದ್ದದ್ದು ನಿಯಮ 49-ಓ. ಯಾರಿಗೂ ಹಾಕುವುದಿಲ್ಲ ಎನ್ನುವವನು ಮತಗಟ್ಟೆ ಅಧಿಕಾರಿಗೆ ಹಾಗೆಂದು ತಿಳಿಸಿ, 17ಎ ರಿಜಿಸ್ಟರಿನಲ್ಲಿ ಷರಾ ಬರೆಸಿ, ಸಹಿ ಹಾಕಬೇಕಿತ್ತು. ಎಲ್ಲ ಪಕ್ಷಗಳ ಏಜೆಂಟರೂ ಅಲ್ಲೇ ಕೂತು ನೋಡುತ್ತಿರುತ್ತಿದ್ದರು. ಒಬ್ಬರನ್ನು ಒಪ್ಪುವವನಿಗೆ ಗೋಪ್ಯವಿತ್ತು, ಎಲ್ಲರನ್ನೂ ಒಪ್ಪದವನಿಗೆ ಇರಲಿಲ್ಲ. ಅಷ್ಟು ಎದೆಗಾರಿಕೆ ಇದ್ದವನು ತಾನೇ ಚುನಾವಣೆಗೆ ನಿಲ್ಲಬಹುದಿತ್ತು. ಈಗ ಬೇಡ ಎನ್ನುವುದಕ್ಕೂ ಗೋಪ್ಯ ಸಿಕ್ಕಿದೆ. "ಬೇಡ ಅನ್ನೋಕೆ ಬಿಸಿಲಲ್ಲಿ ಕ್ಯೂ ನಿಲ್ಬೇಕಾ? ನಾನು ಹಾಸಿಗೆಯಲ್ಲೇ ನೋಟಾ" ಎನ್ನುತ್ತಾನೆ ಭಾವ. ಮಲಗಿದವನ ಪ್ರತಿಭಟನೆಯನ್ನು ಬರೆದುಕೊಳ್ಳುವ ಕಾಲಂ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಭಟ್ಟ ಮೇಷ್ಟ್ರ ಆಕ್ಷೇಪಣೆ ಗಣಿತದ್ದು. ಲಕ್ಷಗಟ್ಟಲೆ ಓಟಿನಲ್ಲಿ ತಮ್ಮ ಒಂದರಿಂದ ಫಲಿತಾಂಶ ಬದಲಾಗುವ ಸಂಭವನೀಯತೆ ಸೊನ್ನೆಗೆ ಎಷ್ಟು ಹತ್ತಿರ ಎಂದು ಅವರು ಹಾಲಿನ ಬಿಲ್ಲಿನ ಹಿಂಭಾಗದಲ್ಲಿ ಸಾಧಿಸಿ ತೋರಿಸಿದರು. ಮೇಷ್ಟ್ರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಸಂತೆಮರಹಳ್ಳಿ ಇದೆ. 2004ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಧ್ರುವನಾರಾಯಣ ಅವರಿಗೆ 40,752 ಓಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಚಾಲಕನಿಗೆ ಅಂದು ಓಟು ಹಾಕಲು ಬಿಡುವಾಗಲಿಲ್ಲ ಎಂದು ಪತ್ರಿಕೆಗಳು ಬರೆದವು. ಹಳ್ಳಿಯ ಮಾತು ಬಿಡಿ ಎನ್ನುವವರಿಗೆ ಜಯನಗರವಿದೆ. 2023ರಲ್ಲಿ ಅಲ್ಲಿ ಎಣಿಕೆ, ಮರುಎಣಿಕೆ ಎಂದು ರಾತ್ರಿಯಾಗಿ, ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರೆದುರು ಗೆದ್ದದ್ದು 16 ಓಟಿನಿಂದ. ನಮ್ಮ ಕಟ್ಟಡದ ಒಂದು ಮಹಡಿ ಸಾಕು. ಮೇಷ್ಟ್ರು ಹಾಲಿನ ಬಿಲ್ಲನ್ನು ಮಡಿಚಿ ಜೇಬಿಗಿಟ್ಟು, "ಆಸ್ಟ್ರೇಲಿಯಾದಲ್ಲಿ ಓಟು ಕಡ್ಡಾಯವಂತೆ, ಹಾಕದಿದ್ದರೆ 20 ಡಾಲರ್ ದಂಡವಂತೆ, ನಮ್ಮಲ್ಲೂ ತರಬೇಕು" ಎಂದು ಪಕ್ಷಾಂತರ ಮಾಡಿದರು. ನಮ್ಮಲ್ಲಿ ತಂದರೆ ಭಾವ ದಂಡವನ್ನು ಹೋಂಸ್ಟೇಯಿಂದಲೇ ಫೋನ್‌ಪೇ ಮಾಡುತ್ತಾನೆ.

ನಮ್ಮ ಮನೆಯಲ್ಲಿ ಇಂಥ ಗೊಂದಲ ಯಾವುದೂ ಇಲ್ಲದಿರುವುದು ಅತ್ತೆಗೆ ಮಾತ್ರ. 2023ರಲ್ಲಿ ಅವರಿಗೆ 82. ಎಂಬತ್ತು ದಾಟಿದವರಿಗೆ ಮನೆಯಲ್ಲೇ ಮತದಾನದ ಸೌಲಭ್ಯ ನಮ್ಮ ರಾಜ್ಯಕ್ಕೆ ಬಂದದ್ದು ಆಗಲೇ. ಅಧಿಕಾರಿಗಳು, ಪೊಲೀಸು, ವಿಡಿಯೊದವನು, ಇಷ್ಟು ದಿಬ್ಬಣ ಮನೆಗೆ ಬಂತು. ಅತ್ತೆ ರಟ್ಟಿನ ಮರೆಯಲ್ಲಿ ಮತಪತ್ರಕ್ಕೆ ಗುರುತು ಹಾಕಿ, ಲಕೋಟೆ ಅಂಟಿಸಿ ಕೊಟ್ಟರು. ಅವರು ಹೋದ ಮೇಲೆ "ಇದೇನು, ಮನಿಯಾರ್ಡರ್ ಕಳಿಸಿದ ಹಾಗಾಯ್ತು. ಕ್ಯೂ ಇಲ್ಲ, ಪೀಂ ಅನ್ನಲಿಲ್ಲ. ಹೊಸ ಸೀರೆ ಉಟ್ಟಿದ್ದು ಯಾರಿಗೆ ತೋರಿಸ್ಲಿ?" ಎಂದು ಸಪ್ಪಗಾದರು. 2024ರ ಲೋಕಸಭಾ ಚುನಾವಣೆಗೆ ಮುಂಚೆ ನಿಯಮ ಬದಲಾಗಿ ವಯಸ್ಸಿನ ಮಿತಿ 85ಕ್ಕೆ ಏರಿತು. ಹಿಂದಿನ ವರ್ಷ ಓಡಾಡಲಾಗದಷ್ಟು ಮುದುಕಿಯಾಗಿದ್ದ ಅತ್ತೆ ಆ ವರ್ಷ ಕಾನೂನಿನ ಪ್ರಕಾರ ಪ್ರಾಯಕ್ಕೆ ಬಂದರು. ಅವರ ಖುಷಿ ಹೇಳತೀರದು.

ಮತಗಟ್ಟೆ ಮೂರನೇ ತರಗತಿಯ ಕೋಣೆ. ಗೋಡೆಯ ಮೇಲೆ ಹದಿನಾರರ ಮಗ್ಗಿ, ಒಂದರಿಂದ ಹತ್ತರವರೆಗೆ ಹಣ್ಣುಗಳು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತ ಏಜೆಂಟರು. ಮೊದಲ ಅಧಿಕಾರಿ ಅತ್ತೆಯ ಹೆಸರನ್ನು ಕ್ರಮಸಂಖ್ಯೆ ಸಹಿತ ಗಟ್ಟಿಯಾಗಿ ಕೂಗಿದರು. ಏಜೆಂಟನೊಬ್ಬ ತನ್ನ ಪಟ್ಟಿ ನೋಡಿ ವಯಸ್ಸನ್ನೂ ಗಟ್ಟಿಯಾಗಿ ಓದಿದ. ಅತ್ತೆ ಅವನನ್ನು ದುರುಗುಟ್ಟಿ ನೋಡಿದರು. ಆ ಪಕ್ಷಕ್ಕೆ ಒಂದು ಓಟು ಅಲ್ಲೇ ಖೋತಾ. ಎಡಗೈ ತೋರುಬೆರಳಿಗೆ ಶಾಯಿ ಬಿತ್ತು. ಅತ್ತೆ ಮರೆಯ ಹಿಂದೆ ಹೋದರು. ಯಂತ್ರ 'ಪೀಂ' ಎಂದಿತು. ಅತ್ತೆ ಹೊರಗೆ ಬರಲಿಲ್ಲ. ವಿವಿಪ್ಯಾಟಿನ ಗಾಜಿನ ಹಿಂದೆ ಚೀಟಿ ಕಾಣುವುದು ಏಳು ಸೆಕೆಂಡು. ಅದು ಕತ್ತರಿಸಿ ಬಿದ್ದ ಮೇಲೂ ಕೈಚಾಚಿ ನಿಂತೇ ಇದ್ದರು. ಕರೆದುಕೊಂಡು ಬಂದರೆ ದಾರಿಯುದ್ದಕ್ಕೂ ಗೊಣಗಾಟ: "ದುಡ್ಡು ತಗೊಳ್ಳದ ಬಸ್ಸಲ್ಲೂ ಹೆಂಗಸರಿಗೆ ಟಿಕೆಟ್ ಕೈಗೆ ಕೊಡ್ತಾರೆ. ಇಲ್ಲಿ ತೋರಿಸಿ ಒಳಗೆ ಹಾಕ್ಕೊಂಡ್ರು!"

ಅದೇ ಹೊತ್ತಿಗೆ ಸಕಲೇಶಪುರದಿಂದ ಭಾವನ ಫೋನು. ಹಾಸನ ಜಿಲ್ಲೆಯಲ್ಲೂ ಅಂದೇ ಮತದಾನ. ಹೋಂಸ್ಟೇ ಮಾಲೀಕರು, ಅಡುಗೆಯವರು, ತೋಟದವರು, ಎಲ್ಲರೂ ಬೆಳಿಗ್ಗೆಯೇ ಜೀಪು ಹತ್ತಿ ಮತಗಟ್ಟೆಗೆ ಹೋಗಿದ್ದರಂತೆ. ಹನ್ನೊಂದು ಗಂಟೆಯಾದರೂ ಕಾಫಿ ಇಲ್ಲ. "ಈ ಜನಕ್ಕೆ ಜವಾಬ್ದಾರಿನೇ ಇಲ್ಲ ಕಣೋ" ಎಂದ. ಬೆಂಗಳೂರಿನ ಕೆಲವು ಹೋಟೆಲುಗಳಲ್ಲಿ ಶಾಯಿ ತೋರಿಸಿದವರಿಗೆ ದೋಸೆ ಪುಕ್ಕಟೆ ಎಂಬ ಸುದ್ದಿಯನ್ನು ನಾನು ಆಗಲೇ ಅವನಿಗೆ ತಿಳಿಸಿದೆ.

ಓಟು ಹಾಕಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವವರಿಗೆ ಇನ್ನೊಂದು ಮಾತು. ಹಾಕುತ್ತೇನೆಂದರೂ ಸಿಗದ ಕಾಲವೂ ಇರುತ್ತದೆ. ಬೆಂಗಳೂರಿನಲ್ಲಿ 2015ರ ಆಗಸ್ಟ್‌ನಲ್ಲಿ ಪಾಲಿಕೆ ಚುನಾವಣೆ ನಡೆಯಿತು; ಆರಿಸಿ ಬಂದವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ನಗರಕ್ಕೆ ಕಾರ್ಪೊರೇಟರೇ ಇರಲಿಲ್ಲ. ರಸ್ತೆಗುಂಡಿಯ ಮುಂದೆ ನಿಂತು ಯಾರನ್ನು ಬೈಯಬೇಕೆಂದು ತಿಳಿಯದೆ ಜನ ಒಬ್ಬರನ್ನೊಬ್ಬರು ಬೈದುಕೊಂಡರು. ಬೈಯುವುದಕ್ಕಾದರೂ ಒಬ್ಬರನ್ನು ಆರಿಸಿಟ್ಟುಕೊಂಡಿರುವುದು ಕ್ಷೇಮ.

ಆದ್ದರಿಂದ ಯಾರಿಗೆ ಹಾಕಬೇಕೆಂದು ನಿಧಾನವಾಗಿ ತೀರ್ಮಾನಿಸಿ, ನೋಟಾ ಆದರೂ ಸರಿ. ಪಟ್ಟಿಯಲ್ಲಿ ಹೆಸರಿದೆಯೇ ಎಂಬುದನ್ನು ಮಾತ್ರ ಈ ವಾರವೇ ನೋಡಿಕೊಳ್ಳಿ; 1950ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ. ಮತಗಟ್ಟೆಯ ಬಾಗಿಲಲ್ಲಿ ಜಗಳವಾಡುವ ಉದ್ದೇಶವಿದ್ದವರು ದಯವಿಟ್ಟು ಅದಕ್ಕೆ ಮುಂಚೆ ಆಡಿ ಮುಗಿಸಿಕೊಳ್ಳಿ.