ವನ್ಯಜೀವಿಹಿತಾರ್ಥ ಧಾವನ ಮೀಮಾಂಸೆ

ದುಡ್ಡು ಕೊಟ್ಟು ಓಡುವವರು, ದಿಕ್ಕು ತೋಚದೆ ಓಡುವವರು ಎಂದು ಓಟಗಾರರಲ್ಲಿ ಎರಡು ಪಂಥ. ಮೊದಲನೆಯದರ ಮೇಲೆ ಲಂಡನ್ನಿನಿಂದ ಬೆಂಗಳೂರಿನವರೆಗೆ ಸಾಕಷ್ಟು ಬರೆದಾಗಿದೆ. ಎರಡನೆಯದರ ಪೀಠಸ್ಥಾನವಾದ ಹಾಸನ ಜಿಲ್ಲೆಯನ್ನು ಮಾತ್ರ ವಿದ್ವಾಂಸರು ಕಡೆಗಣಿಸಿದ್ದಾರೆ. ಅವರ್‍ಯಾರೂ ರಾತ್ರಿ ಕಾಫಿತೋಟದಲ್ಲಿ ನಡೆದವರಲ್ಲ.

ಮೊದಲು ಕ್ಷೇತ್ರನಿರ್ಣಯ. ಮ್ಯಾರಥಾನ್ ಎಂದರೆ 42.195 ಕಿ.ಮೀ. ಹಾಸನದಿಂದ ಅರಕಲಗೂಡಿಗೆ ಓಡಿ, ಹೊಳೆನರಸೀಪುರಕ್ಕೆ ಓಡಿ, ಕಡೆಗೆ ಚನ್ನರಾಯಪಟ್ಟಣಕ್ಕೇ ಓಡಿ, ಯಾವುದೊಂದರಿಂದಲೂ ಲೆಕ್ಕ ತುಂಬದು. ಚನ್ನರಾಯಪಟ್ಟಣ ತಲುಪಿದವನು ಶ್ರವಣಬೆಳಗೊಳದ ದಾರಿಯಲ್ಲಿ ಇನ್ನಷ್ಟು ಓಡಿದರೆ ಕೊರತೆ ನೀಗುತ್ತದೆ. ಆದರೆ ಅಲ್ಲಿ ಸಾವಿರ ವರ್ಷದಿಂದ ಒಂದು ಹೆಜ್ಜೆಯನ್ನೂ ಇಡದೆ ಜಗತ್ಪ್ರಸಿದ್ಧನಾದ 58 ಅಡಿಯ ಗೊಮ್ಮಟ ನಿಂತಿದ್ದಾನೆ. ಓಟಗಾರನ ಉತ್ಸಾಹಕ್ಕೆ ಆ ದರ್ಶನ ಹಾನಿಕರ.

ಇನ್ನು ಪೂರ್ವಪಕ್ಷ. 'ಸೇವ್ ದಿ ರೈನೋ' ಸಂಸ್ಥೆಯ ಪರವಾಗಿ ಸುಮಾರು 10 ಕಿಲೋ ತೂಕದ ಘೇಂಡಾಮೃಗದ ವೇಷ ತೊಟ್ಟು ಲಂಡನ್ ಮ್ಯಾರಥಾನ್ ಓಡಿ ಚಂದಾ ಎತ್ತುವವರಿದ್ದಾರೆ. ಮನುಷ್ಯ ಮೃಗವಾಗಿ ಓಡಿದರೆ ಮೃಗ ಉಳಿಯುತ್ತದೆ ಎಂಬುದು ಅವರ ದರ್ಶನ. ಕಾಡಾನೆ ತಿರುಗುವ ಸಕಲೇಶಪುರ, ಆಲೂರು, ಬೇಲೂರುಗಳಲ್ಲಿ ಈ ದರ್ಶನ ಊರ್ಜಿತವಾಗದು. ಅಲ್ಲಿ ಆನೆವೇಷ ತೊಟ್ಟು ಗದ್ದೆಬದುವಿನಲ್ಲಿ ಓಡಿದವನಿಗೆ ಚಂದಾ ಸಿಗುವುದಿಲ್ಲ, ಪಟಾಕಿ ಸಿಗುತ್ತದೆ.

ಸಿದ್ಧಾಂತ ಹೀಗಿದೆ: ಹಾಸನದಲ್ಲಿ ವನ್ಯಜೀವಿಗಾಗಿ ಓಡುವ ಅಗತ್ಯವಿಲ್ಲ, ವನ್ಯಜೀವಿಯೇ ಓಡಿಸುತ್ತದೆ. 'ಆನೆ ಬಂದಿದೆ' ಎಂದು ಮೊಬೈಲಿಗೆ ಮೆಸೇಜು ಬಂದರೆ ಓಟ ಶುರು. ಓಡುವವನ ಎದೆಗೆ ನಂಬರು ಚೀಟಿ ಇಲ್ಲ. ರೇಡಿಯೊ ಕಾಲರ್ ಇರುವುದು ಆನೆಯ ಕುತ್ತಿಗೆಗೆ. ಆದ್ದರಿಂದ ಯಾರು ಎಷ್ಟು ದೂರ ಓಡಿದರೆಂಬ ದಾಖಲೆ ಆನೆಯ ಪಾಲಿಗಷ್ಟೇ ಉಳಿಯುತ್ತದೆ. ಗುರಿ ಮುಟ್ಟಿದವನಿಗೆ ಬಾಳೆಹಣ್ಣು ಕೊಡುವ ಪದ್ಧತಿಯೂ ಇಲ್ಲ, ಬಾಳೆತೋಟಕ್ಕೆ ಎದುರಾಳಿ ಮೊದಲೇ ಹೋಗಿಬಂದಿರುತ್ತಾನೆ.

ಆನೆಯ ಕಡೆಯಿಂದಲೂ ವಾದ ಮಂಡಿಸಬೇಕು. ಹೈಕೋರ್ಟ್ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ, ಈ ಭಾಗದಲ್ಲಿ ಕಾಡು ಚೂರುಚೂರಾಗಿದೆ, ಇಲ್ಲಿನ ಆನೆಗಳನ್ನು ಹಿಡಿದು ಸಾಗಿಸಿ ಎಂದಿತು. ಹಿಡಿದರು, ಸಾಗಿಸಿದರು. ಬೇರೆಯವು ಬಂದವು. ಕ್ರೀಡಾಶಾಸ್ತ್ರದಲ್ಲಿ ಇದಕ್ಕೆ ರಿಲೇ ಎನ್ನುತ್ತಾರೆ.

8 ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಬಳಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ. ತೋಟದ ಕೂಲಿಗೆ ಹೋಗಿ ಮನೆಗೆ ಮರಳದವರೂ ಇದ್ದಾರೆ. ಇಲ್ಲಿ ಮೀಮಾಂಸಕನಿಗೆ ಕುಹಕ ಬರುವುದಿಲ್ಲ.

ಫಲಶ್ರುತಿಯ ಬದಲು ವನ್ಯಜೀವಿಗಾಗಿ ಓಟ ಇಡುವ ಆಯೋಜಕರಿಗೊಂದು ಅರಿಕೆ. ಟೀ ಶರ್ಟು, ಮೆಡಲುಗಳ ಖರ್ಚು ಕಳೆದು ಏನಾದರೂ ಉಳಿದರೆ, ಅದು ಆನೆ ತಡೆಯುವ ರೈಲು ಹಳಿಯ ಬೇಲಿಗೂ ಭತ್ತ ಕಳೆದುಕೊಂಡವನ ಕೈಗೂ ಸೇರಲಿ. ಮಲೆನಾಡಿನಲ್ಲಿ ಓಟ ಇಡುವುದಾದರೆ ಬೆಳಿಗ್ಗೆ 8ರ ಮೇಲೆ ಇಡಿ. ಅದಕ್ಕೆ ಮುಂಚೆ ರಸ್ತೆ ಖಾಲಿ ಇರುವುದಿಲ್ಲ.