ಕಾರಿಗೆ ಸುಳ್ಳು ಹೇಳುವ ಡಬ್ಬಿ

ವಿನ್ನಿಪೆಗ್‌ನಲ್ಲಿ ನಿಂತ ಕಾರುಗಳ ಮೂತಿಯಿಂದ ಒಂದೊಂದು ಪ್ಲಗ್ಗು ನೇತಾಡುತ್ತಿರುತ್ತದೆ. ಹೊಸದಾಗಿ ಬಂದ ನಮ್ಮವರು ಅದನ್ನು ನೋಡಿ, ಕೆನಡಾದವರು ಎಷ್ಟು ಮುಂದುವರಿದಿದ್ದಾರೆ, ಎಲ್ಲರದೂ ಕರೆಂಟಿನ ಗಾಡಿ ಎಂದು ಊರಿಗೆ ಫೋನು ಮಾಡಿಬಿಡುತ್ತಾರೆ. ಧಾರವಾಡದಿಂದ ಬಂದಿಳಿದ ನಮ್ಮ ಮಾವನವರೂ ಅದನ್ನೇ ಕೇಳಿದರು. ಅಲ್ಲ, ಇವೂ ಪೆಟ್ರೋಲ್ ಗಾಡಿಗಳೇ. ಆ ಪ್ಲಗ್ಗು ಎಂಜಿನ್ನಿಗೆ ಅಂಟಿಕೊಂಡಿರುವ ಹೀಟರಿನದು, ರಾತ್ರಿ ನಾನೂರು ವಾಟಿನಷ್ಟು ಕಾವು ಕೊಟ್ಟು ಮಲಗಿಸದಿದ್ದರೆ ಬೆಳಿಗ್ಗೆ ಏಳುವುದಿಲ್ಲ ಎಂದು ವಿವರಿಸಿದೆ.

“ಹಂಗಂದ್ರ ಗಾಡಿಗೆ ಬಾಣಂತನ ಮಾಡಾಕ ಹತ್ತೀರಿ ಅನ್ರಿ” ಎಂದರು.

ಮಾಡದೆ ವಿಧಿಯಿಲ್ಲ. ಈ ಊರಿನಲ್ಲಿ 1879ರ ಡಿಸೆಂಬರ್ 24ರಂದು ಮೈನಸ್ 47.8 ಡಿಗ್ರಿ ದಾಖಲಾಗಿದೆ. ಅಷ್ಟು ಚಳಿ ಈಗ ಬೀಳದಿದ್ದರೂ ಮೈನಸ್ 30 ಎಂಬುದು ಪ್ರತಿ ಚಳಿಗಾಲವೂ ಬಂದು ನಾಲ್ಕು ದಿನ ಇದ್ದು ಹೋಗುವ ನೆಂಟ. ಆ ದಿನಗಳಲ್ಲಿ ಮೂಗಿನೊಳಗಿನ ಕೂದಲು ಕೂಡ ಗಡುಸಾಗುತ್ತದೆ. ಟೈರು ನೆಲಕ್ಕೆ ಒತ್ತಿಕೊಂಡ ಜಾಗದಲ್ಲಿ ಚಪ್ಪಟೆಯಾಗಿ, ಬೆಳಿಗ್ಗೆ ಹೊರಟ ಕಾರು ಮೊದಲ ತಿರುವಿನವರೆಗೆ ದಡಬಡ ಎಂದು ಕುಪ್ಪಳಿಸುತ್ತದೆ. ಪ್ಲಗ್ಗು ಎಂಜಿನ್ನನ್ನು ಕಾಪಾಡುತ್ತದೆ, ನಿಜ. ಕೂರುವವನನ್ನು ಕಾಪಾಡುವುದಿಲ್ಲ. ಸೀಟು, ಸ್ಟಿಯರಿಂಗು, ಗಾಜಿಗೆ ಒಳಗಡೆಯಿಂದಲೇ ಕಟ್ಟಿದ ಹಿಮ, ಇವೆಲ್ಲ ನಮ್ಮ ಪಾಲಿಗೇ.

ಆದ್ದರಿಂದ ಇಲ್ಲಿ ಎಲ್ಲರಿಗೂ ಒಂದೇ ಆಸೆ. ಮನೆಯೊಳಗೆ ಕಾಫಿ ಕುಡಿಯುತ್ತಾ ಗುಂಡಿ ಒತ್ತಬೇಕು, ಹೊರಗೆ ಕಾರು ತಾನಾಗಿ ಚಾಲೂ ಆಗಬೇಕು, ನಾವು ಹೋಗುವ ಹೊತ್ತಿಗೆ ಬೆಚ್ಚಗಿರಬೇಕು. ಕಾರ್ಖಾನೆಯವರೇ ಈ ಸೌಲಭ್ಯವನ್ನು 2004ರ ಶೆವರ್ಲೆ ಮಾಲಿಬುವಿನಿಂದ ಕೊಡತೊಡಗಿದರು. ನಮ್ಮದು ಕೈಬದಲಾಗಿ ಬಂದ ಕಾರು. ಅದರ ಮೊದಲ ಯಜಮಾನರು ಸನ್‌ರೂಫಿಗೆ ದುಡ್ಡು ಸುರಿದು ಇದನ್ನು ಬಿಟ್ಟಿದ್ದರು. ವಿನ್ನಿಪೆಗ್‌ನಲ್ಲಿ ಸನ್‌ರೂಫ್ ಕೊಂಡ ಆ ಪುಣ್ಯಾತ್ಮರನ್ನು ಒಮ್ಮೆ ನೋಡಬೇಕೆಂದು ನನಗೆ ಬಹಳ ಆಸೆ.

ಕೀಯನ್ನು ಕಾರಿನಲ್ಲೇ ಬಿಟ್ಟು, ಎಂಜಿನ್ ಚಾಲೂ ಮಾಡಿ ಒಳಗೆ ಬಂದರಾಯಿತಲ್ಲ ಎಂದು ನೀವು ಕೇಳಬಹುದು. ಹಾಗೆ ಮಾಡಿ ಕಾಫಿ ಮುಗಿಸಿ ಹೊರಗೆ ಬಂದಾಗ ಹಿಮದಲ್ಲಿ ನಾಲ್ಕು ಟೈರಿನ ಗುರುತು ಮಾತ್ರ ಉಳಿದಿರುವುದನ್ನು ಕಂಡವರು ಈ ಊರಿನಲ್ಲಿ ಇದ್ದಾರೆ. ಎರಡು ಸಾವಿರದ ದಶಕದಲ್ಲಿ ವಿನ್ನಿಪೆಗ್ ಕೆನಡಾಕ್ಕೆಲ್ಲ ಕಾರುಗಳ್ಳತನಕ್ಕೆ ಹೆಸರುವಾಸಿ. ಇಲ್ಲಿ 1971ರಿಂದ ವಾಹನಗಳಿಗೆ ವಿಮೆ ಮಾಡುವುದು ಮ್ಯಾನಿಟೋಬಾ ಪ್ರಾಂತದ ಸರ್ಕಾರಿ ಸಂಸ್ಥೆಯೇ ಆದ್ದರಿಂದ, ಯಾವ ಬೀದಿಯಲ್ಲಿ ಯಾವ ಕಾರು ಮಾಯವಾದರೂ ಬಿಲ್ಲು ಬರುವುದು ಒಂದೇ ಮೇಜಿಗೆ. ಮೇಜಿನವರು ಸಾಕಾಗಿ, ಕಳ್ಳರಿಗೆ ಸಲೀಸಾದ ಹಳೆಯ ಕಾರುಗಳಿಗೆಲ್ಲ ಎಂಜಿನ್ ತಡೆಯುವ ಉಪಕರಣವನ್ನು ಪುಕ್ಕಟೆ ಹಾಕಿಸಿಕೊಟ್ಟರು. 2007ರಲ್ಲಿ ಅದನ್ನೇ ಕಡ್ಡಾಯ ಮಾಡಿದರು. ಅದೇ ವರ್ಷ ಸೆಪ್ಟೆಂಬರ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೂ ಅಂಥ ಕಾವಲು ಇರಲೇಬೇಕೆಂದು ಒಟ್ಟಾವಾದಿಂದ ಆಜ್ಞೆ ಬಂತು. ಕಳ್ಳತನ ನಿಜಕ್ಕೂ ಬಿದ್ದುಹೋಯಿತು. ಜೊತೆಗೆ ಊರಿನ ಕಾರುಗಳಿಗೆಲ್ಲ ಸಂಶಯದ ಸ್ವಭಾವ ಬಂತು.

ಈ ಸಂಶಯ ಇರುವುದು ಕೀಯ ತಲೆಯಲ್ಲಿ. ಕಪ್ಪು ಪ್ಲಾಸ್ಟಿಕ್ಕಿನೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿಯಿಲ್ಲ. ಕೀ ತೂರಿಸುವ ಜಾಗದ ಸುತ್ತ ಒಂದು ತಂತಿಯ ಸುರುಳಿಯಿದೆ, ಕೀ ತಿರುಗಿಸಿದೊಡನೆ ಆ ಸುರುಳಿ ಗಾಳಿಯಲ್ಲೇ ಒಂದಿಷ್ಟು ಶಕ್ತಿ ದಾಟಿಸಿ, “ಯಾರು ನೀನು?” ಎನ್ನುತ್ತದೆ. ಚಿಪ್ಪು ತನ್ನ ಗುಟ್ಟಿನ ಸಂಖ್ಯೆ ಒಪ್ಪಿಸಬೇಕು. ಸರಿಯಿದ್ದರೆ ಎಂಜಿನ್ನಿಗೆ ಪೆಟ್ರೋಲು. ತಪ್ಪಿದರೆ ಎಂಜಿನ್ ಒಮ್ಮೆ ಗುರ್ರೆಂದು ಸುಮ್ಮನಾಗುತ್ತದೆ, ಇಲ್ಲವೇ ಅಷ್ಟೂ ಮಾಡುವುದಿಲ್ಲ. ಹಲ್ಲು ಎಷ್ಟೇ ಚೆನ್ನಾಗಿ ಹೊಂದಿದ ಕೀ ಆದರೂ ಅಷ್ಟೇ. ಇದರ ಮುತ್ತಜ್ಜ ಹುಟ್ಟಿದ್ದು 1986ರ ಕಾರ್ವೆಟ್‌ನಲ್ಲಿ. ಅದರ ಕೀಯಲ್ಲಿ ಒಂದು ರೆಸಿಸ್ಟರ್ ಮಣಿ, ಒಟ್ಟು 15 ಬಗೆಯದು. ಹದಿನೈದನ್ನೂ ಜೇಬಿನಲ್ಲಿಟ್ಟುಕೊಂಡ ತಾಳ್ಮೆಯ ಕಳ್ಳನಿಗೆ ಒಂದಲ್ಲ ಒಂದು ಒದಗುತ್ತಿತ್ತು. ಇಂದಿನ ಚಿಪ್ಪಿನ ಮುಂದೆ ಆ ತಾಳ್ಮೆ ನಡೆಯುವುದಿಲ್ಲ.

ರಿಮೋಟ್ ಸ್ಟಾರ್ಟರಿಗೆ ಇಲ್ಲೇ ಕಂಟಕ. ಗುಂಡಿ ಒತ್ತಿದರೆ ಸ್ಟಾರ್ಟರು ತಿರುಗೀತು, ಆದರೆ ಕಿಂಡಿಯಲ್ಲಿ ಕೀಯೇ ಇಲ್ಲ. ಕಾರು ನಮ್ಮನ್ನೇ ಕಳ್ಳರೆಂದು ತಿಳಿಯುತ್ತದೆ. ಅದನ್ನು ನಂಬಿಸಲು ‘ಬೈಪಾಸ್’ ಎಂಬ ಇನ್ನೊಂದು ಡಬ್ಬಿ ಬೇಕು, ಅದಕ್ಕೆ ಬೇರೆ ದುಡ್ಡು. ಊಟದ ಮೇಜಿನಲ್ಲಿ ಇದನ್ನು ವಿವರಿಸಿದಾಗ ಮಾವನವರು ಚಪಾತಿ ಹರಿಯುವುದನ್ನು ನಿಲ್ಲಿಸಿದರು.

“ಕಳ್ಳ ಬರಬಾರದು ಅಂತ ರೊಕ್ಕಾ ಕೊಟ್ಟು ಕೀಲಿ ಹಾಕ್ಸೂದು. ಆಮ್ಯಾಲ ಆ ಕೀಲಿಗೆ ಸುಳ್ಳು ಹೇಳಾಕ ಮತ್ತ ರೊಕ್ಕಾ ಕೊಡೂದು. ಚಲೋ ಐತಿ ಬಿಡ್ರಿ.”

ಅಂತೂ ಡಬ್ಬಿ ಹಾಕಿಸಲು ಹೋದೆವು. ಅಂಗಡಿಯ ಹುಡುಗ ಫಿಲಿಪಿನೋ. ಮಾತು ಕಡಿಮೆ, ಕೈ ಚುರುಕು. ಕಾರನ್ನು ಬೆಚ್ಚನೆಯ ಶೆಡ್ಡಿಗೆ ಎಳೆದುಕೊಂಡು ಸುಮಾರು ಹೊತ್ತು ಮುಟ್ಟಲೇ ಇಲ್ಲ. ಚಳಿಗೆ ಸೆಟೆದ ಪ್ಲಾಸ್ಟಿಕ್ಕು ಎಳೆದರೆ ಕ್ಲಿಪ್ಪುಗಳು ಪಟಪಟ ಮುರಿಯುತ್ತವೆ, ಕಾಯಲಿ ಎಂದ. ಮಡ್‌ಫ್ಲಾಪಿನ ಹಿಂದೆ ಗಟ್ಟಿಯಾಗಿದ್ದ ಹಿಮದ ಹೆಂಟೆಗಳು ಒಂದೊಂದಾಗಿ ಕಳಚಿ ನೆಲಕ್ಕೆ ಬಿದ್ದ ಮೇಲೆ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿದ. ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು. ಮಾವನವರು ಕೈಕಟ್ಟಿಕೊಂಡು ಆ ಬೂಟುಗಳ ಹತ್ತಿರ ಮೇಲ್ವಿಚಾರಣೆಗೆ ನಿಂತರು. ಇಬ್ಬರಿಗೂ ಪರಸ್ಪರರ ಭಾಷೆ ಬಾರದು, ಆದರೂ ತಂತಿ ಹಿಡಿದುಕೊಡುವ ಹೊತ್ತಿಗೆ ಸರಿಯಾಗಿ ಮಾವನವರ ಕೈ ಮುಂದೆ ಹೋಗುತ್ತಿತ್ತು.

ಹಿಂದೆಲ್ಲ ಈ ಬೈಪಾಸ್ ಡಬ್ಬಿಯಲ್ಲಿ ನಿಮ್ಮದೇ ಸ್ಪೇರ್ ಕೀಯನ್ನು ಇಟ್ಟು, ಸುರುಳಿ ಸುತ್ತಿ, ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿ ಹೂತುಬಿಡುತ್ತಿದ್ದೆವು ಎಂದ ಹುಡುಗ. ಇನ್ನೂರು ಡಾಲರಿನ ಹತ್ತಿರ ಕೊಟ್ಟು ಮಾಡಿಸಿದ ಕೀ ಕಾರಿನೊಳಗೇ ಇದ್ದು, ಯಜಮಾನ ಹೊರಗೆ ಕೀ ಕಳೆದುಕೊಂಡು ನಿಂತರೂ ಅವನಿಗೆ ದಕ್ಕುತ್ತಿರಲಿಲ್ಲ. ಈಗಿನ ಡಬ್ಬಿಗೆ ಕೀ ಬೇಡ. ಅದು ಕಾರಿನ ತಂತಿಯಲ್ಲೇ ಕೂತು, ಅಸಲಿ ಕೀ ಏನು ಹೇಳುತ್ತದೆ ಎಂದು ಕೇಳಿ ಕಲಿತು, ಆಮೇಲೆ ಅದರ ದನಿಯಲ್ಲಿ ತಾನೇ ಮಾತಾಡುತ್ತದೆ. ಹುಡುಗ ನಮ್ಮ ಕೀ ತಿರುಗಿಸಿ ಹಿಡಿದ. ಡಬ್ಬಿಯ ಪುಟ್ಟ ದೀಪ ಮಿಟುಕಿತು. ಪಾಠ ಮುಗಿಯಿತು. ಚಳಿಗೆ ಗಡಗಡ ಸದ್ದು ಮಾಡದಿರಲೆಂದು ಎಲ್ಲಕ್ಕೂ ಬಟ್ಟೆಯ ಟೇಪು ಸುತ್ತಿ ಒಳಗೆ ತುರುಕಿದ. ಬಾನೆಟ್ಟಿನ ಕೆಳಗೆ ಇನ್ನೊಂದು ಗುಂಡಿ ಕೂರಿಸಿದ: ಯಾರಾದರೂ ಬಾನೆಟ್ ತೆರೆದು ಫ್ಯಾನ್‌ಬೆಲ್ಟಿನ ಮೇಲೆ ಕೈಯಿಟ್ಟಿರುವಾಗ ಮನೆಯೊಳಗಿನ ಪುಣ್ಯಾತ್ಮರು ರಿಮೋಟ್ ಒತ್ತಿದರೆ ಎಂಜಿನ್ ಏಳಕೂಡದಲ್ಲ. ಈ ಇಡೀ ಜೋಡಣೆಯಲ್ಲಿ ನನಗೆ ಗೌರವ ಹುಟ್ಟಿಸಿದ್ದು ಆ ಚಿಲ್ಲರೆ ಗುಂಡಿಯೇ.

“ಹಾಗಾದರೆ ಕಳ್ಳರಿಗೆ ನಾವೇ ದಾರಿ ಮಾಡಿಕೊಟ್ಟಂತಾಗಲಿಲ್ಲವೇ?” ಎಂದು ನಮ್ಮವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹುಡುಗನ ಉತ್ತರ ಇನ್ನೂ ಸೊಗಸು. ರಿಮೋಟಿನ ಅಪ್ಪಣೆಯಾಗುವವರೆಗೆ ಡಬ್ಬಿ ಮೂಕ. ಅಪ್ಪಣೆಯಾಗಿ ಎಂಜಿನ್ ಓಡುತ್ತಿರುವಾಗ ಕಳ್ಳ ಗಾಜು ಒಡೆದು ಒಳಗೆ ಕೂತ ಎಂದಿಟ್ಟುಕೊಳ್ಳಿ. ಗೇರು ಬದಲಾಯಿಸಲು ಬ್ರೇಕ್ ಒತ್ತಲೇಬೇಕು. ಕೀಯಿಲ್ಲದೆ ಬ್ರೇಕ್ ಒತ್ತಿದರೆ ಎಂಜಿನ್ ಆರಿಹೋಗುತ್ತದೆ. ಒತ್ತದಿದ್ದರೆ ಹದಿನೈದು ನಿಮಿಷ ಬೆಚ್ಚಗೆ ಕೂತು ಎದ್ದು ಹೋಗಬಹುದು, ಅಷ್ಟೆ.

ತೊಂದರೆಯೆಂದರೆ ಈ ಕಾನೂನು ಯಜಮಾನಿಗೂ ಅನ್ವಯಿಸುತ್ತದೆ. ಒಳಗೆ ಕೂತು, ಮೊದಲು ಕೀ ತೂರಿಸಿ ‘ಆನ್’ವರೆಗೆ ತಿರುಗಿಸಬೇಕು, ಆಮೇಲೆ ಬ್ರೇಕ್. ನಮ್ಮವಳು ಡ್ರೈವಿಂಗ್ ಕಲಿತದ್ದೇ ಮೊದಲು ಬ್ರೇಕ್, ಆಮೇಲೆ ಉಳಿದದ್ದು ಎಂಬ ಶಿಸ್ತಿನಲ್ಲಿ. ಬೆಚ್ಚಗೆ ಗುನುಗುತ್ತಿದ್ದ ಕಾರು ಅವಳು ಕೂತೊಡನೆ ಆರಿತು. ಮತ್ತೆ ಒಳಗೆ ಬಂದು ರಿಮೋಟ್ ಒತ್ತಿ, ಮತ್ತೆ ಹೋಗಿ, ಮತ್ತೆ ಆರಿಸಿದಳು. “ನಿಮ್ಮ ಕಾರಿಗೆ ನನ್ನ ಕಂಡರಾಗದು” ಎಂದು ಬಸ್ಸಿನಲ್ಲಿ ಹೋದಳು.

ಮಾವನವರಿಗೆ ಮಾತ್ರ ರಿಮೋಟು ಒಲಿದುಬಿಟ್ಟಿತು. ಬೆಳಿಗ್ಗೆ ಚಹಾ ಲೋಟ ಒಂದು ಕೈಯಲ್ಲಿ, ರಿಮೋಟು ಇನ್ನೊಂದರಲ್ಲಿ. ಕಿಟಕಿಯ ಬಳಿ ನಿಂತು ಒತ್ತುವುದು ಅವರ ಹಕ್ಕು. ದೀಪ ಮಿನುಗಿ, ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಎದ್ದೊಡನೆ “ಹೊಗಿ ಬಂತ್ ನೋಡ್ರಿ!” ಎಂದು ಮನೆಗೆಲ್ಲ ಕೇಳುವಂತೆ ಸಾರುತ್ತಿದ್ದರು. ಧಾರವಾಡದ ಗೆಳೆಯರಿಗೆ ವೀಡಿಯೊ ಕಾಲಿನಲ್ಲಿ ಪ್ರದರ್ಶನವೂ ಆಯಿತು. ಅಲ್ಲಿಂದ ಯಾರೋ, ನಮ್ಮ ಕಲಬುರಗಿ ತಮ್ಮನ ಹೊಸ ಗಾಡಿಯೂ ಫೋನಿನಲ್ಲೇ ಚಾಲೂ ಆಗುತ್ತದೆ, ಬಿಸಿಲಿಗೆ ಮೊದಲೇ ಎ.ಸಿ. ಹಾಕಿಡುತ್ತಾನೆ ಎಂದು ಇವರ ಉತ್ಸಾಹಕ್ಕೆ ನೀರೆರಚಿದ.

ಏಪ್ರಿಲಿನಲ್ಲಿ ಊರಿಗೆ ಹೊರಡುವ ಮುಂಚೆ ಅವರು ಆ ಫಿಲಿಪಿನೋ ಹುಡುಗನ ಅಂಗಡಿಗೆ ಇನ್ನೊಮ್ಮೆ ಕರೆದೊಯ್ಯಲು ಹೇಳಿದರು. ಊರಿನ ಹಳೆಯ ಸ್ಕೂಟರಿಗೆ ಇಂಥದೊಂದು ಕೂರಿಸಲು ಬರುತ್ತದೆಯೇ ಎಂದು ಕೇಳಬೇಕಿತ್ತಂತೆ. ಅದಕ್ಕೆ ಚಿಪ್ಪೂ ಇಲ್ಲ, ಸಂಶಯವೂ ಇಲ್ಲ, ಬೈಪಾಸ್ ಖರ್ಚು ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡವರು ಏನೋ ನೆನೆದು ಮತ್ತೆ ಬಿಚ್ಚಿದರು.

“ಬ್ಯಾಡ ಬಿಡ್ರಿ ಅಳಿಯಂದಿರ. ಗುಂಡಿ ನಾ ಇಲ್ಲಿಂದ ಒತ್ತತೀನಿ ಖರೆ. ಅದನ್ನ ಒಂದು ಮಗ್ಗಲಿಗೆ ವಾಲ್ಸೋರು ಯಾರು?”